ಆರೈಕೆಗೆ ನಿಂತವರಿಗೂ ಆಸರೆ ಬೇಕು

ಇಂಗ್ಲೆಂಡಿನ ಯಾವುದೋ ಊರಿನ ಒಂದು ಮನೆ ಎಂದಿಟ್ಟುಕೊಳ್ಳಿ. ಅಲ್ಲಿರುವವರು ಇಬ್ಬರೇ: ಎಪ್ಪತ್ತೆಂಟರ ತಾಯಿ, ನಲವತ್ತೈದರ ಮಗ. ಮಗನಿಗೆ ಬಾಲ್ಯದಿಂದಲೂ ಕಲಿಕೆಯಲ್ಲಿ ತೊಡಕು. ಉದ್ದನೆಯ ಪತ್ರ ಓದಿದರೆ ಅರ್ಥವಾಗುವುದಿಲ್ಲ. ತಿಂಗಳ ಲೆಕ್ಕ ಹೊಂದಿಸಲು ಬರುವುದಿಲ್ಲ. ಹೊಸಬರೆದುರು ಮಾತು ತಡವರಿಸುತ್ತದೆ. ಆದರೆ ದುಡಿಮೆಯಲ್ಲಿ ಅವನು ಯಾರಿಗೂ ಕಡಿಮೆಯಿಲ್ಲ. ಸೂಪರ್‌ಮಾರ್ಕೆಟ್ಟಿನಲ್ಲಿ ಸಾಮಾನು ಜೋಡಿಸುವ ಕೆಲಸವನ್ನು ವರ್ಷಗಟ್ಟಲೆಯಿಂದ ಅಚ್ಚುಕಟ್ಟಾಗಿ ಮಾಡಿಕೊಂಡು ಬಂದಿದ್ದಾನೆ. ಒಂದು ದಿನ ತಾಯಿಗೆ ಪಾರ್ಶ್ವವಾಯು ಬಡಿಯುತ್ತದೆ. ಆಸ್ಪತ್ರೆಯಿಂದ ಮನೆಗೆ ಬಂದ ಆಕೆಯನ್ನು ಎಬ್ಬಿಸಿ ಕೂರಿಸಬೇಕು, ಸ್ನಾನ ಮಾಡಿಸಬೇಕು, ಹೊತ್ತಿಗೆ ಸರಿಯಾಗಿ ಮಾತ್ರೆ ಕೊಡಬೇಕು. ಮಗ ಕೆಲಸ ಬಿಡಲು ತೀರ್ಮಾನಿಸುತ್ತಾನೆ.

ಈ ಮನೆ ನನ್ನ ಕಲ್ಪನೆಯದು. ಇಂಥ ಮನೆಗಳು ಕಲ್ಪನೆಯವಲ್ಲ. 2021ರ ಜನಗಣತಿಯಂತೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು 50 ಲಕ್ಷ ಜನ ಸಂಬಳವಿಲ್ಲದೆ ಮನೆಯವರ, ನೆಂಟರ ಅಥವಾ ನೆರೆಯವರ ಆರೈಕೆ ಮಾಡುತ್ತಿದ್ದಾರೆ. ಕಲಿಕೆಯ ತೊಂದರೆ ಇರುವವರೂ ಅವರ ನಡುವೆ ಇದ್ದಾರೆ. ಈ ಮಗನಿಗೆ ಎದುರಾಗುವ ಕಷ್ಟ ಎರಡು ಬಗೆಯದು. ಸಂಬಳ ನಿಲ್ಲುತ್ತದೆ, ಅದು ಎಲ್ಲರ ಕಣ್ಣಿಗೂ ಬೀಳುವ ಕಷ್ಟ. ಇನ್ನೊಂದು ಹೊರಗಿನವರಿಗೆ ಕಾಣುವುದಿಲ್ಲ. ಇಷ್ಟು ವರ್ಷ ಅವನಿಗೆ ಬಂದ ಪತ್ರ ಓದಿ ಹೇಳುತ್ತಿದ್ದವಳು, ಅರ್ಜಿ ತುಂಬುತ್ತಿದ್ದವಳು, ಬ್ಯಾಂಕಿನವರೊಡನೆ ಮಾತಾಡುತ್ತಿದ್ದವಳು ತಾಯಿಯೇ. ಈಗ ಹಾಸಿಗೆ ಹಿಡಿದಿರುವವಳೂ ಅವಳೇ. ಸರ್ಕಾರದ ನೆರವಿಗೆ ಅತಿ ಹೆಚ್ಚು ಅರ್ಜಿ ಹಾಕಬೇಕಾದ ಹೊತ್ತಿನಲ್ಲೇ ಅರ್ಜಿ ಬರೆಯುವ ಕೈ ಇಲ್ಲವಾಗಿದೆ.

ಬ್ರಿಟನ್ನಿನಲ್ಲಿ ಇಂಥವರಿಗೆ ಸಿಗುವ ಹಣಕಾಸಿನ ನೆರವು ಕಡಿಮೆಯಾದರೂ ಕಾನೂನಿನ ಬಲ ಇರುವಂಥದ್ದು. ಅದನ್ನು ಪಡೆಯುವ ದಾರಿ ಮಾತ್ರ ಪೂರ್ತಿ ಓದು ಬರಹ ಬಲ್ಲವರಿಗಾಗಿ ಮಾಡಿದ್ದು. ಓದಲು ಕಷ್ಟಪಡುವವನ ಪಕ್ಕದಲ್ಲಿ ಒಬ್ಬರು ಕೂತು ಅರ್ಜಿ ತುಂಬಿಸದೆ ಹೋದರೆ ಆ ನೆರವು ಕಾಗದದ ಮೇಲೇ ಉಳಿಯುತ್ತದೆ. ಆದ್ದರಿಂದ ಅರ್ಜಿಗೆ ಸಿಗುವ ಸಹಾಯವನ್ನೂ ನೆರವಿನ ಒಂದು ಭಾಗ ಎಂದೇ ಎಣಿಸಬೇಕು. ಈ ಲೇಖನ ಹೇಳಹೊರಟಿರುವುದು ಇದನ್ನೇ.

ಭತ್ಯೆ ಬಂದ ಬಗೆ

ಮನೆಯಲ್ಲಿ ಕೂತು ಆರೈಕೆ ಮಾಡುವವರಿಗೆ ಸರ್ಕಾರ ಹಣ ಕೊಡಬೇಕೆಂಬ ಮಾತು ಬ್ರಿಟನ್ನಿನಲ್ಲಿ ತಾನಾಗಿ ಹುಟ್ಟಿದ್ದಲ್ಲ. ಮೇರಿ ವೆಬ್‌ಸ್ಟರ್ ಎಂಬ ಕ್ರೈಸ್ತ ಧರ್ಮೋಪದೇಶಕಿ ವಯಸ್ಸಾದ ತಂದೆತಾಯಿಯ ಆರೈಕೆಗಾಗಿ ತಮ್ಮ ವೃತ್ತಿಯನ್ನು ಬಿಟ್ಟಿದ್ದರು. ಮದುವೆಯಾಗದ ಹೆಣ್ಣುಮಕ್ಕಳು ಹೆತ್ತವರಿಗಾಗಿ ಉದ್ಯೋಗ ಬಿಟ್ಟು ಬರಿಗೈಯಾಗುವ ಸ್ಥಿತಿಯ ಬಗ್ಗೆ ಅವರು 1963ರಲ್ಲಿ ಪತ್ರಿಕೆಗೆ ಬರೆದರು. ನಮ್ಮ ಪಾಡೂ ಇದೇ ಎಂದು ಊರೂರಿನ ಹೆಂಗಸರು ದನಿಗೂಡಿಸಿದರು. 1965ರಲ್ಲಿ ಅವರದೊಂದು ಸಂಘಟನೆ ಕಟ್ಟಿಕೊಂಡಿತು. ಇಂದು 'ಕೇರರ್ಸ್ ಯುಕೆ' ಎಂದು ಹೆಸರಾಗಿರುವ ಸಂಸ್ಥೆಯ ಬೇರು ಅಲ್ಲಿದೆ.

ಹನ್ನೊಂದು ವರ್ಷದ ನಂತರ, 1976ರಲ್ಲಿ, 'ಇನ್‌ವ್ಯಾಲಿಡ್ ಕೇರ್ ಅಲೊವೆನ್ಸ್' ಎಂಬ ಭತ್ಯೆ ಜಾರಿಗೆ ಬಂತು. ಆದರೆ ಮದುವೆಯಾದ ಹೆಂಗಸರಿಗೆ ಅದು ಸಿಗುತ್ತಿರಲಿಲ್ಲ. ಅವರು ಹೇಗೂ ಮನೆಯಲ್ಲೇ ಇರುವವರು, ಅವರಿಗೆ ಸಂಬಳ ತಪ್ಪಿಹೋದ ಲೆಕ್ಕವೆಲ್ಲಿ ಎಂಬುದು ಸರ್ಕಾರದ ವಾದ. ಈ ವಾದವನ್ನು ಮುರಿದವರು ಜಾಕ್ವೆಲಿನ್ ಡ್ರೇಕ್. ತೀವ್ರ ಅಂಗವೈಕಲ್ಯವಿದ್ದ ತಾಯಿ ತಮ್ಮ ಮನೆಗೆ ಬಂದಾಗ, 1984ರಲ್ಲಿ, ಈ ವಿವಾಹಿತೆ ಕೆಲಸ ಬಿಟ್ಟರು. ಭತ್ಯೆ ಸಿಗಲಿಲ್ಲ. ಪ್ರಕರಣ ಐರೋಪ್ಯ ನ್ಯಾಯಾಲಯದವರೆಗೆ ಹೋಯಿತು. 1986ರ ಜೂನ್‌ನಲ್ಲಿ ತೀರ್ಪು ಅವರ ಪರವಾಗಿ ಬಂತು. ವಿವಾಹಿತ ಮಹಿಳೆಯರಿಗೂ ಭತ್ಯೆ ವಿಸ್ತರಿಸುವುದಾಗಿ ಸರ್ಕಾರ ತೀರ್ಪಿನ ಹೊತ್ತಿಗೇ ಒಪ್ಪಿಕೊಂಡಿತು. 2003ರಿಂದ ಇದರ ಹೆಸರು 'ಕೇರರ್ಸ್ ಅಲೊವೆನ್ಸ್', ಅಂದರೆ ಆರೈಕೆದಾರರ ಭತ್ಯೆ.

ಆರೈಕೆ ಮಾಡುವವರು ಯಾರೆಂಬ ಬಗ್ಗೆ ಕಾನೂನಿನ ಕಲ್ಪನೆ ಹೀಗೆ ಒಂದೊಂದೇ ಹೆಜ್ಜೆ ಹಿಗ್ಗುತ್ತ ಬಂದಿದೆ. ಮೊದಲು ಅವಿವಾಹಿತ ಮಗಳು ಕಂಡಳು, ಆಮೇಲೆ ಗೃಹಿಣಿ ಕಂಡಳು. ಆರೈಕೆ ಪಡೆಯುವವನೆಂದೇ ಎಲ್ಲರೂ ತಿಳಿದಿದ್ದ, ಕಲಿಕೆಯ ತೊಂದರೆಯುಳ್ಳ ಮಗನೂ ಆರೈಕೆದಾರನಾಗಬಲ್ಲ ಎಂಬುದು ಇನ್ನೂ ಹಲವು ಕಚೇರಿಗಳಿಗೆ ಹೊಳೆದಿಲ್ಲ. ಇಂಥ ಮನೆಗಳಲ್ಲಿ ಆರೈಕೆ ಎರಡೂ ಕಡೆಯಿಂದ ಹರಿಯುತ್ತಿರುತ್ತದೆ. ತಾಯಿ ಮಗನಿಗೆ ಪತ್ರ ಓದಿ ಹೇಳುತ್ತಾಳೆ, ಮಗ ತಾಯಿಯ ಕೈ ಹಿಡಿದು ಮೆಟ್ಟಿಲು ಇಳಿಸುತ್ತಾನೆ. ಕಡತದಲ್ಲಿ ಮಾತ್ರ ಮಗನ ಹೆಸರು ಫಲಾನುಭವಿಯ ಪಟ್ಟಿಯಲ್ಲಷ್ಟೇ ಇರುತ್ತದೆ.

ಕೈಗೆ ಎಷ್ಟು ಬರುತ್ತದೆ?

ಈಗ ಲೆಕ್ಕ. ಇಲ್ಲಿ ಕೊಟ್ಟಿರುವ ಮೊತ್ತಗಳು 2025-26ನೇ ಹಣಕಾಸು ವರ್ಷದವು. ಪ್ರತಿ ಏಪ್ರಿಲ್‌ನಲ್ಲಿ ಇವು ಬದಲಾಗುತ್ತವೆ. ನಿಯಮಗಳು ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಅನ್ವಯಿಸುವಂಥವು. ಸ್ಕಾಟ್ಲೆಂಡ್‌ನಲ್ಲಿ ಇದೇ ಬಗೆಯ ಭತ್ಯೆಯನ್ನು 'ಕೇರರ್ ಸಪೋರ್ಟ್ ಪೇಮೆಂಟ್' ಎಂಬ ಹೆಸರಿನಲ್ಲಿ ಅಲ್ಲಿನ ಸರ್ಕಾರವೇ ಕೊಡುತ್ತದೆ.

ಕೇರರ್ಸ್ ಅಲೊವೆನ್ಸ್ ವಾರಕ್ಕೆ 83.30 ಪೌಂಡ್. ಇದು ಸಿಗಬೇಕಾದರೆ ವಾರಕ್ಕೆ ಕನಿಷ್ಠ 35 ಗಂಟೆ ಆರೈಕೆ ಮಾಡುತ್ತಿರಬೇಕು. ಅಡುಗೆ, ಬಟ್ಟೆ ಒಗೆತ, ಡಾಕ್ಟರ ಬಳಿಗೆ ಕರೆದೊಯ್ಯುವುದು, ಅಂಗಡಿಯಿಂದ ಸಾಮಾನು ತರುವುದು ಎಲ್ಲವೂ ಈ ಲೆಕ್ಕಕ್ಕೆ ಸೇರುತ್ತವೆ. 83.30 ಪೌಂಡನ್ನು 35 ಗಂಟೆಗೆ ಭಾಗಿಸಿದರೆ ಗಂಟೆಗೆ ಬರುವುದು 2.38 ಪೌಂಡ್. ಅದೇ ವರ್ಷ 21 ದಾಟಿದ ಕಾರ್ಮಿಕರಿಗೆ ಕಾನೂನು ಗೊತ್ತುಮಾಡಿದ ಕನಿಷ್ಠ ಕೂಲಿ ಗಂಟೆಗೆ 12.21 ಪೌಂಡ್. ಆರೈಕೆಯ ಒಂದು ಗಂಟೆಗೆ ಸರ್ಕಾರ ಕಟ್ಟಿದ ಬೆಲೆ ಕನಿಷ್ಠ ಕೂಲಿಯ ಐದನೇ ಒಂದು ಭಾಗಕ್ಕೂ ಕಡಿಮೆ.

ಇನ್ನೊಂದು ಷರತ್ತಿದೆ. ಆರೈಕೆ ಪಡೆಯುವವರಿಗೆ ಮೊದಲು ಅಂಗವೈಕಲ್ಯ ಭತ್ಯೆ ಮಂಜೂರಾಗಿರಬೇಕು. ನಿವೃತ್ತಿ ವಯಸ್ಸು ದಾಟಿದ ತಾಯಿಗಾದರೆ ಅದು 'ಅಟೆಂಡೆನ್ಸ್ ಅಲೊವೆನ್ಸ್'. ಅದರಲ್ಲಿ ಎರಡು ದರಗಳಿವೆ: ವಾರಕ್ಕೆ 73.90 ಅಥವಾ 110.40 ಪೌಂಡ್. ತಾಯಿಯ ಅರ್ಜಿ ನಿಂತರೆ ಮಗನ ಅರ್ಜಿಯೂ ನಿಂತಂತೆ.

ನಮ್ಮ ಉದಾಹರಣೆಯ ಮಗ ವಾರಕ್ಕೆ 30 ಗಂಟೆ ಕನಿಷ್ಠ ಕೂಲಿಗೆ ದುಡಿಯುತ್ತಿದ್ದ ಎಂದರೆ ಅವನ ಸಂಬಳ ವಾರಕ್ಕೆ 366.30 ಪೌಂಡ್, ತಿಂಗಳಿಗೆ ಸುಮಾರು 1,587 ಪೌಂಡ್. ಕೆಲಸ ಬಿಟ್ಟ ಮೇಲೆ ಅವನಿಗೆ ಮುಖ್ಯ ಆಧಾರ 'ಯೂನಿವರ್ಸಲ್ ಕ್ರೆಡಿಟ್'. ಕಡಿಮೆ ಆದಾಯದವರಿಗೆ, ಆದಾಯವೇ ಇಲ್ಲದವರಿಗೆ ಸರ್ಕಾರ ತಿಂಗಳಿಗೊಮ್ಮೆ ಕೊಡುವ ಹಣ ಇದು. 25 ದಾಟಿದ ಒಂಟಿ ವ್ಯಕ್ತಿಗೆ ಮೂಲ ಮೊತ್ತ ತಿಂಗಳಿಗೆ 400.14 ಪೌಂಡ್. ಆರೈಕೆ ಮಾಡುವವರಿಗೆ ಅದರ ಮೇಲೆ 201.68 ಪೌಂಡ್ ಸೇರುತ್ತದೆ. ಒಟ್ಟು 601.82 ಪೌಂಡ್.

ಕೇರರ್ಸ್ ಅಲೊವೆನ್ಸಿನ ತಿಂಗಳ ಮೊತ್ತ ಸುಮಾರು 361 ಪೌಂಡ್ ಇದಕ್ಕೆ ಸೇರುತ್ತದೆಯೇ? ಇಲ್ಲ. ಅದನ್ನು ಪಡೆದರೆ ಯೂನಿವರ್ಸಲ್ ಕ್ರೆಡಿಟ್‌ನಲ್ಲಿ ಅಷ್ಟನ್ನೂ ಮುರಿದುಕೊಳ್ಳುತ್ತಾರೆ. ಎರಡೂ ಸೇರಿ ಕೈಗೆ ಬರುವುದು ಅದೇ 601.82 ಪೌಂಡ್. ಎರಡಕ್ಕೂ ಅರ್ಜಿ ಹಾಕಿದವನು ಕಾಗದ ನೋಡಿ 962 ಪೌಂಡ್ ಬರುತ್ತದೆಂದು ನಂಬಿ ಕೆಲಸ ಬಿಟ್ಟರೆ ಮೊದಲ ತಿಂಗಳಲ್ಲೇ ಬಾಕಿ ಬೀಳುತ್ತಾನೆ. ಓದು ಬಲ್ಲವರೇ ಎಡವುವ ಜಾಗ ಇದು. ಜೊತೆಗೆ ಉಳಿತಾಯ 16,000 ಪೌಂಡ್ ದಾಟಿದ್ದರೆ ಯೂನಿವರ್ಸಲ್ ಕ್ರೆಡಿಟ್ ಸಿಗುವುದೇ ಇಲ್ಲ, 6,000 ದಾಟಿದ್ದರೆ ಕಡಿಮೆಯಾಗುತ್ತದೆ. ಕೇರರ್ಸ್ ಅಲೊವೆನ್ಸ್‌ಗೆ ಉಳಿತಾಯದ ಲೆಕ್ಕವಿಲ್ಲ.

ತನ್ನ ಹೆಸರಿನ ಹಕ್ಕು

ಈ ಲೆಕ್ಕದಲ್ಲಿ ಬಹಳ ಸಲ ಬಿಟ್ಟುಹೋಗುವ ಒಂದು ಸಾಲಿದೆ. ಅದು ಮಗನ ಸ್ವಂತ ಅಂಗವೈಕಲ್ಯದ ಭತ್ಯೆ. 'ಪರ್ಸನಲ್ ಇಂಡಿಪೆಂಡೆನ್ಸ್ ಪೇಮೆಂಟ್', ಜನರ ಬಾಯಲ್ಲಿ 'ಪಿಪ್', 16 ವರ್ಷದಿಂದ ನಿವೃತ್ತಿ ವಯಸ್ಸಿನವರೆಗಿನವರಿಗೆ ಸಿಗುತ್ತದೆ. ಇದಕ್ಕೆ ಆದಾಯದ ಮಿತಿಯಿಲ್ಲ, ತೆರಿಗೆಯಿಲ್ಲ. ಕೆಲಸದಲ್ಲಿದ್ದವರಿಗೂ ಬರುತ್ತದೆ, ಬಿಟ್ಟವರಿಗೂ ಬರುತ್ತದೆ. ಯೂನಿವರ್ಸಲ್ ಕ್ರೆಡಿಟ್‌ನಲ್ಲಿ ಇದನ್ನು ಮುರಿದುಕೊಳ್ಳುವುದಿಲ್ಲ.

ಪಿಪ್ ಕೊಡುವಾಗ ರೋಗದ ಹೆಸರಿಗಿಂತ ದಿನನಿತ್ಯದ ಕೆಲಸದಲ್ಲಿ ಆಗುವ ತೊಂದರೆಗೆ ಅಂಕ ಹಾಕುತ್ತಾರೆ. ದಿನಚರಿಯ ವಿಭಾಗದಲ್ಲಿ 8 ಅಂಕ ಬಂದರೆ ವಾರಕ್ಕೆ 73.90 ಪೌಂಡ್, 12 ಬಂದರೆ 110.40. ಕಲಿಕೆಯ ತೊಂದರೆ ಇರುವವರು ತಮಗೆ ಇದು ಸಲ್ಲುವುದಿಲ್ಲ ಎಂದುಕೊಳ್ಳುತ್ತಾರೆ, ಏಕೆಂದರೆ ಅವರು ನಡೆಯಬಲ್ಲರು, ಉಣ್ಣಬಲ್ಲರು, ಬಟ್ಟೆ ಹಾಕಿಕೊಳ್ಳಬಲ್ಲರು. ಅಂಕಪಟ್ಟಿ ನೋಡಿದರೆ ಬೇರೆಯೇ ಚಿತ್ರ ಸಿಗುತ್ತದೆ. ಕ್ಲಿಷ್ಟ ಬರಹ ಅರ್ಥ ಮಾಡಿಕೊಳ್ಳಲು ಯಾರಾದರೂ ಒತ್ತಾಸೆಯಾಗಿ ನಿಲ್ಲಬೇಕೆಂದರೆ 2 ಅಂಕ. ದೊಡ್ಡ ಹಣದ ತೀರ್ಮಾನಕ್ಕೆ ನೆರವು ಬೇಕೆಂದರೆ 2. ಹೊಸಬರೊಡನೆ ವ್ಯವಹರಿಸಲು ಯಾರಾದರೂ ಹುರಿದುಂಬಿಸಬೇಕೆಂದರೆ 2. ಸರಳ ಅಡುಗೆಗೂ ನೆನಪಿಸುವವರು ಬೇಕೆಂದರೆ 2. ಒಟ್ಟು 8. ತಿಂಗಳಿಗೆ ಸುಮಾರು 320 ಪೌಂಡ್ ಆಯಿತು. ಆಗ ನಮ್ಮ ಮಗನ ಕೈಗೆ ಬರುವ ಮೊತ್ತ 601ರಿಂದ 922 ಪೌಂಡ್‌ಗೆ ಏರುತ್ತದೆ.

ಇಲ್ಲಿ ಹಲವರನ್ನು ಕಾಡುವ ಭಯವೊಂದಿದೆ: 'ನನಗೇ ನೆರವು ಬೇಕು ಎಂದು ಬರೆದರೆ, ನೀನು ಇನ್ನೊಬ್ಬರನ್ನು ನೋಡಿಕೊಳ್ಳಲಾರೆ ಎಂದು ಭತ್ಯೆ ನಿಲ್ಲಿಸುತ್ತಾರೇನೋ?' ಕಾನೂನಿನಲ್ಲಿ ಅಂಥ ನಿರ್ಬಂಧವಿಲ್ಲ. ಒಬ್ಬನೇ ವ್ಯಕ್ತಿ ತನ್ನ ಅಂಗವೈಕಲ್ಯಕ್ಕೆ ಪಿಪ್ ಮತ್ತು ತಾಯಿಯ ಆರೈಕೆಗೆ ಕೇರರ್ಸ್ ಅಲೊವೆನ್ಸ್ ಎರಡನ್ನೂ ಪಡೆಯಬಹುದು. ತಾಯಿಗೆ ಊಟ ಮಾಡಿಸುವವನಿಗೆ ಪತ್ರ ಓದಲು ಬಾರದಿರುವುದರಲ್ಲಿ ವಿರೋಧಾಭಾಸವೇನೂ ಇಲ್ಲ.

ಯೂನಿವರ್ಸಲ್ ಕ್ರೆಡಿಟ್‌ನಲ್ಲಿ ಒಂದು ಆಯ್ಕೆಯ ಪ್ರಶ್ನೆಯಿದೆ. ಅನಾರೋಗ್ಯ ಅಥವಾ ಅಂಗವೈಕಲ್ಯದಿಂದ ಕೆಲಸಕ್ಕೂ ಕೆಲಸದ ತಯಾರಿಗೂ ಆಗುವುದಿಲ್ಲ ಎಂದು ತೀರ್ಮಾನವಾದವರಿಗೆ ಬೇರೊಂದು ಮೊತ್ತ ಸೇರುತ್ತದೆ. 2025-26ರಲ್ಲಿ ಅದು 423.27 ಪೌಂಡ್, ಆರೈಕೆಯ ಮೊತ್ತದ ಎರಡು ಪಟ್ಟಿಗಿಂತ ಹೆಚ್ಚು. ಒಬ್ಬ ವ್ಯಕ್ತಿಗೆ ಈ ಎರಡರಲ್ಲಿ ಒಂದೇ ಸಿಗುತ್ತದೆ, ದೊಡ್ಡದು ಯಾವುದೋ ಅದು. 2026ರ ಏಪ್ರಿಲ್‌ನಿಂದ ಬರುವ ಹೊಸ ಅರ್ಜಿದಾರರಲ್ಲಿ ಹೆಚ್ಚಿನವರಿಗೆ ಆರೋಗ್ಯದ ಈ ಮೊತ್ತವನ್ನು ಅರ್ಧದಷ್ಟಕ್ಕೆ ಇಳಿಸುವ ಕಾನೂನು 2025ರಲ್ಲೇ ಬಂದಿದೆ. ಇಷ್ಟನ್ನೆಲ್ಲ ತೂಗಿ ನೋಡಿ ತನಗೆ ಸರಿಯಾದುದನ್ನು ಆರಿಸಿಕೋ ಎಂದು ಓದಲು ಕಷ್ಟಪಡುವವನಿಗೆ ಹೇಳಿ ಕೈತೊಳೆದುಕೊಳ್ಳಲು ಯಾವ ಸರ್ಕಾರಕ್ಕೂ ಹಕ್ಕಿಲ್ಲ.

ರಾಜೀನಾಮೆ ಕೊಡುವ ಮೊದಲು

ಆರೈಕೆದಾರರ ಸಂಸ್ಥೆಗಳ ಸಲಹೆಗಾರರು ಮೊದಲಿಗೆ ಹೇಳುವ ಮಾತು ಒಂದೇ: ಇಂದೇ ರಾಜೀನಾಮೆ ಬರೆಯಬೇಡಿ. ಆತಂಕದಲ್ಲಿ ಬಿಟ್ಟ ಕೆಲಸ ಮರಳಿ ಸಿಗುವುದು ಕಷ್ಟ, ಕಲಿಕೆಯ ತೊಂದರೆ ಇರುವವರಿಗಂತೂ ಇನ್ನೂ ಕಷ್ಟ. ಅವರಿಗೆ ಆ ಕೆಲಸ ಸಂಬಳ ಮಾತ್ರವಲ್ಲ, ಗೆಳೆಯರು, ದಿನದ ಕ್ರಮ, ಊರಿನಲ್ಲಿ ತನಗೊಂದು ಸ್ಥಾನ ಎಲ್ಲವೂ ಆಗಿರುತ್ತದೆ.

ಕೆಲಸದಲ್ಲಿದ್ದುಕೊಂಡೇ ಕೇಳಬಹುದಾದ ಕೆಲವು ಹಕ್ಕುಗಳಿವೆ. 2023ರಲ್ಲಿ ಅಂಗೀಕಾರವಾಗಿ 2024ರ ಏಪ್ರಿಲ್ 6ರಿಂದ ಜಾರಿಯಲ್ಲಿರುವ ಕೇರರ್ಸ್ ಲೀವ್ ಕಾಯ್ದೆಯಂತೆ, ಕೆಲಸಕ್ಕೆ ಸೇರಿದ ಮೊದಲ ದಿನದಿಂದಲೇ ವರ್ಷಕ್ಕೆ ಒಂದು ವಾರ ಆರೈಕೆಯ ರಜೆ ಸಿಗುತ್ತದೆ. ಅದಕ್ಕೆ ಸಂಬಳವಿಲ್ಲ. ಕೆಲಸದ ಹೊತ್ತನ್ನು ಬದಲಿಸಿಕೊಡಿ ಎಂದು ಕೇಳುವ ಹಕ್ಕೂ ಅದೇ ಏಪ್ರಿಲ್ 6ರಿಂದ, ಕೆಲಸಕ್ಕೆ ಸೇರಿದ ಮೊದಲ ದಿನದಿಂದಲೇ ಸಿಗುವಂತಾಗಿದೆ. ಮಾಲೀಕರು ಎರಡು ತಿಂಗಳೊಳಗೆ ಉತ್ತರ ಕೊಡಬೇಕು. ಕಲಿಕೆಯ ತೊಂದರೆ ಅಂಗವೈಕಲ್ಯದ ವ್ಯಾಖ್ಯೆಗೆ ಸೇರುವಂತಿದ್ದರೆ 2010ರ ಸಮಾನತೆ ಕಾಯ್ದೆಯಂತೆ ಮಾಲೀಕರು ಸೂಕ್ತ ಅನುಕೂಲಗಳನ್ನು ಮಾಡಿಕೊಡಲೇಬೇಕು. ಮಾತುಕತೆಗೆ ಜೊತೆಗೊಬ್ಬರನ್ನು ಕರೆತರಲು ಬಿಡುವುದು, ನಿರ್ಧಾರವನ್ನು ಸರಳ ಭಾಷೆಯಲ್ಲಿ ಬರೆದುಕೊಡುವುದು ಅಂಥ ಅನುಕೂಲಗಳೇ.

ಅಂಗವಿಕಲರನ್ನು ನೋಡಿಕೊಳ್ಳುತ್ತಾರೆಂಬ ಕಾರಣಕ್ಕೆ ನೌಕರರನ್ನು ಕೀಳಾಗಿ ಕಾಣುವಂತಿಲ್ಲ ಎಂಬುದೂ ಸ್ಥಾಪಿತವಾದ ಕಾನೂನು. ಲಂಡನ್ನಿನ ಕಾನೂನು ಕಚೇರಿಯೊಂದರಲ್ಲಿ ಕಾರ್ಯದರ್ಶಿಯಾಗಿದ್ದ, ಅಂಗವಿಕಲ ಮಗನ ತಾಯಿ ಶರಾನ್ ಕೋಲ್‌ಮನ್ ಅವರ ಪ್ರಕರಣದಲ್ಲಿ ಐರೋಪ್ಯ ನ್ಯಾಯಾಲಯ 2008ರಲ್ಲಿ ಈ ತತ್ವವನ್ನು ಎತ್ತಿಹಿಡಿಯಿತು.

ಇಷ್ಟಾದರೂ ಕೆಲಸ ಬಿಡಲೇಬೇಕಾದರೆ ಹೆಜ್ಜೆಗಳ ಕ್ರಮ ಮುಖ್ಯ. ಮೊದಲು ತಾಯಿಯ ಅಟೆಂಡೆನ್ಸ್ ಅಲೊವೆನ್ಸ್ ಅರ್ಜಿ ಹೋಗಲಿ, ಅದರ ಮೇಲೆಯೇ ಉಳಿದದ್ದು ನಿಂತಿದೆ. ಅದು ಮಂಜೂರಾದ ಮೂರು ತಿಂಗಳೊಳಗೆ ಕೇರರ್ಸ್ ಅಲೊವೆನ್ಸ್ ಕೇಳಿದರೆ ತಾಯಿಯ ಭತ್ಯೆ ಶುರುವಾದ ದಿನದವರೆಗೂ ಹಿಂಬಾಕಿ ಸಿಗಲು ಸಾಧ್ಯ. ಎರಡನೆಯದು ಮಗನ ಪಿಪ್ ಅರ್ಜಿ. ಇದನ್ನು ಕೆಲಸದಲ್ಲಿರುವಾಗಲೇ ಹಾಕಬಹುದು. ಮೂರನೆಯದು, ತಾನು ಅರ್ಜಿ ಹಾಕಿದರೆ ತಾಯಿಯ ಪಿಂಚಣಿ ನೆರವಿನಲ್ಲಿ ಏನಾದರೂ ಕಡಿತವಾಗುತ್ತದೆಯೇ ಎಂದು ವಿಚಾರಿಸುವುದು. ಕೆಲವು ಮನೆಗಳಲ್ಲಿ ಒಬ್ಬರಿಗೆ ಬಂದದ್ದು ಇನ್ನೊಬ್ಬರಿಂದ ಹೋಗುತ್ತದೆ.

ಯೂನಿವರ್ಸಲ್ ಕ್ರೆಡಿಟ್ ಕೇಳಿದ ಮೇಲೆ ಮೊದಲ ಹಣ ಬರಲು ಸಾಮಾನ್ಯವಾಗಿ ಐದು ವಾರ ಬೇಕು. ಮುಂಗಡ ಸಿಗುತ್ತದೆ, ಆದರೆ ಅದು ಸಾಲ, ಮುಂದಿನ ಕಂತುಗಳಲ್ಲಿ ಮುರಿದುಕೊಳ್ಳುತ್ತಾರೆ. ಆ ಐದು ವಾರದ ಖರ್ಚು ಕೈಯಲ್ಲಿರಬೇಕು. ಬಾಕಿ ಉಳಿದ ವಾರ್ಷಿಕ ರಜೆಯ ಹಣವನ್ನು ಮಾಲೀಕರಿಂದ ಕೇಳಿ ಪಡೆಯಬೇಕು.

ರಾಜೀನಾಮೆ ಪತ್ರದಲ್ಲಿ ಕಾರಣವನ್ನು ಸ್ಪಷ್ಟವಾಗಿ ಬರೆಯುವುದು ತೀರ ಅಗತ್ಯ. ಸರಿಯಾದ ಕಾರಣವಿಲ್ಲದೆ ತಾನಾಗಿ ಕೆಲಸ ಬಿಟ್ಟವರಿಗೆ ಮೊದಲ ಸಲ 91 ದಿನಗಳವರೆಗೂ ಯೂನಿವರ್ಸಲ್ ಕ್ರೆಡಿಟ್‌ನ ಹಣ ಕಡಿತ ಮಾಡುವ ಅಧಿಕಾರ ಈ ಭತ್ಯೆಗಳನ್ನು ಕೊಡುವ ಸರ್ಕಾರಿ ಇಲಾಖೆಗಿದೆ. ಮನೆಯವರ ಆರೈಕೆ ಸರಿಯಾದ ಕಾರಣವಾಗಬಲ್ಲದು. 'ವೈಯಕ್ತಿಕ ಕಾರಣ' ಎಂದಷ್ಟೇ ಬರೆದ ಪತ್ರ ಅದನ್ನು ಸಾಬೀತುಮಾಡುವುದಿಲ್ಲ. 'ಪಾರ್ಶ್ವವಾಯುವಾಗಿರುವ ನನ್ನ ತಾಯಿಯನ್ನು ನೋಡಿಕೊಳ್ಳಲು ಕೆಲಸ ಬಿಡುತ್ತಿದ್ದೇನೆ' ಎಂಬ ಒಂದು ವಾಕ್ಯ ಮುಂದೆ ಅವನ ಕಾವಲಿಗೆ ನಿಲ್ಲುತ್ತದೆ.

ಕೇರರ್ಸ್ ಅಲೊವೆನ್ಸ್ ಪಡೆಯುವವರ ಹೆಸರಿಗೆ ವಾರವಾರವೂ ನ್ಯಾಷನಲ್ ಇನ್ಶೂರೆನ್ಸ್ ಜಮಾ ಆಗುತ್ತದೆ. ಪೂರ್ಣ ವೃದ್ಧಾಪ್ಯ ಪಿಂಚಣಿಗೆ ಇಂಥ 35 ವರ್ಷಗಳ ಲೆಕ್ಕ ಬೇಕು. ಕೈಗೆ ಬರುವ ಮೊತ್ತ ಹೆಚ್ಚಾಗದಿದ್ದರೂ ಮುಪ್ಪಿನ ದಿನಗಳಿಗಾಗಿ ಆರೈಕೆಯ ವರ್ಷಗಳು ದಾಖಲಾಗಿರುವುದು ಮುಖ್ಯ.

ಒಂದು ಪೌಂಡ್ ಮೀರಿದರೆ

ಪೂರ್ತಿ ಬಿಡದೆ ಅರೆಕಾಲಿಕ ಕೆಲಸ ಉಳಿಸಿಕೊಳ್ಳುವವರು ಇನ್ನೊಂದು ಅಪಾಯ ಅರಿತಿರಬೇಕು. ಕೇರರ್ಸ್ ಅಲೊವೆನ್ಸ್ ಪಡೆಯುವವರ ನಿವ್ವಳ ಗಳಿಕೆ ಒಂದು ಮಿತಿಯನ್ನು ಮೀರಬಾರದು, 2025-26ರಲ್ಲಿ ಅದು ವಾರಕ್ಕೆ 196 ಪೌಂಡ್. 2025ರ ಏಪ್ರಿಲ್‌ಗೆ ಮೊದಲು ಈ ಮಿತಿ 151 ಪೌಂಡ್ ಇತ್ತು. ಮಿತಿಯನ್ನು ಒಂದು ಪೌಂಡ್ ಮೀರಿದರೂ ಆ ವಾರದ ಭತ್ಯೆಯಲ್ಲಿ ಒಂದು ಪೌಂಡ್ ಕಡಿಮೆಯಾಗುವುದಿಲ್ಲ, ಇಡೀ 83.30 ಪೌಂಡ್ ಹೋಗುತ್ತದೆ. ವರ್ಷವಿಡೀ ವಾರಕ್ಕೊಂದು ಪೌಂಡ್ ಮೀರಿ ಗಳಿಸಿದರೆ ಹೆಚ್ಚಿಗೆ ಬಂದ ಗಳಿಕೆ 52 ಪೌಂಡ್, ಮರಳಿ ಕಟ್ಟಬೇಕಾದ ಭತ್ಯೆ 4,331 ಪೌಂಡ್.

ಇಲಾಖೆಗೆ ತೆರಿಗೆ ದಾಖಲೆಗಳಿಂದ ಈ ಮಾಹಿತಿ ಸಿಗುತ್ತಿತ್ತು. ಆದರೂ ತಿಂಗಳುಗಟ್ಟಲೆ, ಕೆಲವರ ವಿಷಯದಲ್ಲಿ ವರ್ಷಗಟ್ಟಲೆ, ಎಚ್ಚರಿಸದೆ ಬಿಟ್ಟು ಕೊನೆಗೆ ಸಾವಿರಾರು ಪೌಂಡ್ ಮರಳಿಸಿ ಎಂಬ ಪತ್ರ ಕಳಿಸಿತು. ಲಕ್ಷಕ್ಕೂ ಹೆಚ್ಚು ಜನ ಈ ಸಾಲದ ಸುಳಿಗೆ ಸಿಕ್ಕರು. ಕೆಲವರ ಮೇಲೆ ಮೊಕದ್ದಮೆಯೂ ಆಯಿತು. 2024ರಲ್ಲಿ ಇದು ರಾಷ್ಟ್ರೀಯ ಸುದ್ದಿಯಾಗಿ, ಅಂಗವಿಕಲರ ಹಕ್ಕುಗಳಿಗಾಗಿ ದುಡಿದ ಲಿಜ್ ಸೇಸ್ ಅವರ ನೇತೃತ್ವದಲ್ಲಿ ಸ್ವತಂತ್ರ ಪರಿಶೀಲನೆ ನಡೆಯಿತು. 2025ರ ನವೆಂಬರ್‌ನಲ್ಲಿ ಅವರ ವರದಿ ಬಂತು. ಏರುಪೇರಾಗುವ ಗಳಿಕೆಯನ್ನು ಸರಾಸರಿ ಮಾಡುವ ವಿಷಯದಲ್ಲಿ ಇಲಾಖೆಯ ಒಳಗಿನ ಮಾರ್ಗಸೂಚಿಯೇ ತಪ್ಪಾಗಿತ್ತೆಂದು ಸರ್ಕಾರ ಒಪ್ಪಿಕೊಂಡು, 2015ರಿಂದೀಚಿನ ಸುಮಾರು 2 ಲಕ್ಷ ಪ್ರಕರಣಗಳನ್ನು ಮತ್ತೆ ನೋಡುವುದಾಗಿ ಹೇಳಿತು.

ಹಬ್ಬದ ವಾರ ಎರಡು ಗಂಟೆ ಹೆಚ್ಚು ದುಡಿದದ್ದು, ಏಪ್ರಿಲ್‌ನಲ್ಲಿ ಕನಿಷ್ಠ ಕೂಲಿ ಏರಿದ್ದು, ಇಷ್ಟೇ ಸಾಕು ಮಿತಿ ದಾಟಲು. ವಾರದ ಸಂಬಳ ಚೀಟಿಯಲ್ಲಿ ಯಾವ ಅಂಕಿ ನೋಡಬೇಕೆಂದೇ ತಿಳಿಯದವನಿಗೆ ಅದರ ಹೊಣೆಯನ್ನೆಲ್ಲ ಹೊರಿಸುವುದು ಅನ್ಯಾಯ. ಆದ್ದರಿಂದ ಅರೆಕಾಲಿಕ ಕೆಲಸ ಉಳಿಸಿಕೊಳ್ಳುವ ಆರೈಕೆದಾರನಿಗೆ ಸಂಬಳ ಚೀಟಿ ಓದಿ ಹೇಳುವವರು ಒಬ್ಬರು ಇರಲೇಬೇಕು. ಹೆಚ್ಚುವರಿ ಪಾಳಿ ಒಪ್ಪುವ ಮೊದಲು ಅವರನ್ನು ಕೇಳುವ ರೂಢಿ ಬೆಳೆಸಬೇಕು.

ಪಕ್ಕದಲ್ಲಿ ಕೂರುವವರು

ಹಾಗೆ ಪಕ್ಕದಲ್ಲಿ ಕೂರುವವರನ್ನು ಕೇಳಿ ಪಡೆಯಲು ಇಂಗ್ಲೆಂಡಿನ ಕಾನೂನಿನಲ್ಲಿ ಜಾಗವಿದೆ. 2014ರ ಕೇರ್ ಕಾಯ್ದೆಯ 10ನೇ ಸೆಕ್ಷನ್ ಪ್ರಕಾರ, ಆರೈಕೆ ಮಾಡುವವರಿಗೂ ನೆರವು ಬೇಕಿರಬಹುದೆಂದು ಕಂಡರೆ ಸ್ಥಳೀಯ ಕೌನ್ಸಿಲ್ ಅವರ ಅಗತ್ಯಗಳನ್ನು ಅಳೆದು ನೋಡಬೇಕು. ಅವರು ಆರೈಕೆ ಮಾಡಲು ಶಕ್ತರೇ ಎಂಬುದರ ಜೊತೆಗೆ ಅವರಿಗೆ ಮನಸ್ಸಿದೆಯೇ ಎಂದೂ ಕೇಳಬೇಕು. ಕೆಲಸದಲ್ಲಿ ಮುಂದುವರಿಯುವ ಆಸೆಯಿದೆಯೇ ಎಂದೂ ಕೇಳಬೇಕು. ಈ ಕೊನೆಯ ಪ್ರಶ್ನೆಯನ್ನು ನಮ್ಮ ಮಗನಿಗೆ ಯಾರಾದರೂ ಕೇಳಿದ್ದರೆ, ಬೆಳಗಿನ ಹೊತ್ತು ತಾಯಿಯನ್ನು ನೋಡಿಕೊಳ್ಳಲು ಒಬ್ಬರನ್ನು ಕಳಿಸಿದ್ದರೆ, ಅವನು ಕೆಲಸ ಬಿಡುವ ಪ್ರಸಂಗವೇ ಬರದಿರಬಹುದಿತ್ತು.

ಅದೇ ಕಾಯ್ದೆಯ 67ನೇ ಸೆಕ್ಷನ್ ಇನ್ನೂ ಮುಂದೆ ಹೋಗುತ್ತದೆ. ಮಾಹಿತಿಯನ್ನು ಅರ್ಥ ಮಾಡಿಕೊಳ್ಳಲು, ನೆನಪಿಡಲು, ತೂಗಿ ನೋಡಲು ಅಥವಾ ತನ್ನ ಮಾತು ತಿಳಿಸಲು ಹೆಚ್ಚಿನ ಕಷ್ಟವಿದ್ದು, ಜೊತೆಗೆ ನಿಲ್ಲುವ ಸೂಕ್ತ ಬಂಧುಮಿತ್ರರಿಲ್ಲದಿದ್ದರೆ ಕೌನ್ಸಿಲ್ ಸ್ವತಂತ್ರ ಸಹಾಯಕರೊಬ್ಬರನ್ನು ಒದಗಿಸಬೇಕು. ಇದು ಆರೈಕೆ ಪಡೆಯುವವರಿಗೆ ಇರುವಂತೆಯೇ ಆರೈಕೆದಾರರಿಗೂ ಇರುವ ಹಕ್ಕು. ಇದನ್ನು ಬಾಯಿಬಿಟ್ಟು ಕೇಳಬೇಕು.

ಭತ್ಯೆಯ ಅರ್ಜಿಗಳಿಗೆ 1939ರಿಂದ ನಡೆದುಬಂದಿರುವ 'ಸಿಟಿಜನ್ಸ್ ಅಡ್ವೈಸ್' ಕೇಂದ್ರಗಳು ಉಚಿತವಾಗಿ ನೆರವಾಗುತ್ತವೆ. ಕಲಿಕೆಯ ತೊಂದರೆ ಇರುವವರಿಗಾಗಿ 1946ರಲ್ಲಿ ಹುಟ್ಟಿದ 'ಮೆನ್‌ಕ್ಯಾಪ್' ಸಂಸ್ಥೆಯೂ ಕೇರರ್ಸ್ ಯುಕೆಯೂ ಸಲಹೆ ಕೊಡುತ್ತವೆ. ಚಿಕ್ಕ ವಾಕ್ಯ, ಪಕ್ಕದಲ್ಲೊಂದು ಚಿತ್ರ ಇರುವ 'ಈಸಿ ರೀಡ್' ಪತ್ರಿಕೆಗಳನ್ನು ಕೇಳಬಹುದು. ಯೂನಿವರ್ಸಲ್ ಕ್ರೆಡಿಟ್ ಆನ್‌ಲೈನ್ ವ್ಯವಸ್ಥೆಯಾದರೂ ಅದನ್ನು ಬಳಸಲಾಗದವರು ಫೋನಿನಲ್ಲಿ ಅರ್ಜಿ ಹಾಕಬಹುದು. ತೀರ್ಮಾನ ತಪ್ಪೆನಿಸಿದರೆ ಒಂದು ತಿಂಗಳೊಳಗೆ ಮರುಪರಿಶೀಲನೆ ಕೇಳಬೇಕು, ಅಲ್ಲೂ ಆಗದಿದ್ದರೆ ಸ್ವತಂತ್ರ ನ್ಯಾಯಮಂಡಳಿಗೆ ಹೋಗಬೇಕು.

ತನ್ನ ಭತ್ಯೆಯ ವ್ಯವಹಾರವನ್ನು ತಾನೇ ನಡೆಸಲು ಸಾಧ್ಯವೇ ಇಲ್ಲದವರ ಪರವಾಗಿ ಇಲಾಖೆ ಇನ್ನೊಬ್ಬರನ್ನು ನೇಮಿಸುತ್ತದೆ. ಇದು ಕೊನೆಯ ಉಪಾಯವಾಗಿರಬೇಕು. ವಯಸ್ಕರು ತಮ್ಮ ತೀರ್ಮಾನ ತಾವೇ ಮಾಡಬಲ್ಲರು ಎಂದು ಮೊದಲು ನಂಬಬೇಕೆಂಬುದು 2005ರ ಮೆಂಟಲ್ ಕೆಪಾಸಿಟಿ ಕಾಯ್ದೆಯ ಮೊದಲ ತತ್ವ. ಓದಿ ಹೇಳಿದರೆ ಅರ್ಥವಾಗುವವನಿಗೆ ಓದಿ ಹೇಳಬೇಕು. ಅವನ ಸಹಿಯನ್ನು ನಾವು ಹಾಕುವುದು ಸಹಾಯವಲ್ಲ.

ನಮ್ಮವರಿಗೆ ಒಂದು ಎಚ್ಚರಿಕೆ, ನಮಗೊಂದು ಪಾಠ

ಬ್ರಿಟನ್ನಿನಲ್ಲಿ ದುಡಿಯುತ್ತಿರುವ ಕನ್ನಡಿಗ ಕುಟುಂಬಗಳು ಒಂದು ಮಾತು ಗಮನಿಸಬೇಕು. ಉದ್ಯೋಗದ ಅಥವಾ ಅವಲಂಬಿತರ ವೀಸಾದಲ್ಲಿರುವ ಹೆಚ್ಚಿನವರಿಗೆ ಸಾರ್ವಜನಿಕ ನಿಧಿಯ ನೆರವು ಪಡೆಯುವಂತಿಲ್ಲ ಎಂಬ ಷರತ್ತು ಇರುತ್ತದೆ. ಕೇರರ್ಸ್ ಅಲೊವೆನ್ಸ್, ಅಟೆಂಡೆನ್ಸ್ ಅಲೊವೆನ್ಸ್, ಪಿಪ್, ಯೂನಿವರ್ಸಲ್ ಕ್ರೆಡಿಟ್ ನಾಲ್ಕೂ ಈ ಪಟ್ಟಿಯಲ್ಲಿವೆ. ಷರತ್ತು ಮೀರಿ ಅರ್ಜಿ ಹಾಕಿದರೆ ವೀಸಾಕ್ಕೇ ಕುತ್ತು. ಕಾಯಂ ವಾಸದ ಅನುಮತಿ ಅಥವಾ ಪೌರತ್ವ ಇದ್ದವರೂ ಅಂಗವೈಕಲ್ಯದ ಮತ್ತು ಆರೈಕೆಯ ಭತ್ಯೆಗಳಿಗೆ ಸಾಮಾನ್ಯವಾಗಿ ಹಿಂದಿನ ಮೂರು ವರ್ಷಗಳಲ್ಲಿ ಎರಡು ವರ್ಷ ಆ ದೇಶದಲ್ಲಿದ್ದಿರಬೇಕು. ಅರ್ಜಿಗೆ ಮೊದಲು ವಲಸೆ ಕಾನೂನು ಬಲ್ಲ ಸಲಹೆಗಾರರನ್ನು ಕಾಣುವುದು ಕ್ಷೇಮ.

ನಮ್ಮ ನಾಡಿಗೂ ಈ ವಿಷಯ ದೂರದ್ದಲ್ಲ. ಭಾರತದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 24ನೇ ಸೆಕ್ಷನ್, ಹೆಚ್ಚಿನ ನೆರವು ಬೇಕಾದ ಅಂಗವಿಕಲರಿಗೆ ಆರೈಕೆದಾರರ ಭತ್ಯೆ ಕೊಡುವ ಬಗ್ಗೆ ಹೇಳುತ್ತದೆ. ಕೇರಳದ 'ಆಶ್ವಾಸಕಿರಣಂ' ಯೋಜನೆ ತಿಂಗಳಿಗೆ 600 ರೂಪಾಯಿ ಗೊತ್ತುಮಾಡಿತು. ಕರ್ನಾಟಕದ 2024-25ರ ಬಜೆಟ್ ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್ಸ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರ ಆರೈಕೆದಾರರಿಗೆ ತಿಂಗಳಿಗೆ 1,000 ರೂಪಾಯಿ ಘೋಷಿಸಿತು. ಮೊತ್ತ ಚಿಕ್ಕದು, ಆದರೆ ಆರೈಕೆಯೂ ದುಡಿಮೆ ಎಂದು ಸರ್ಕಾರ ಒಪ್ಪಿಕೊಂಡದ್ದು ದೊಡ್ಡದು. ನಮ್ಮಲ್ಲಿ ಇನ್ನೊಂದು ಅನುಕೂಲವಿದೆ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇದ್ದಾರೆ. ಅಂಗವಿಕಲರ ಗುರುತಿನ ಚೀಟಿ, ಮಾಸಾಶನದ ಅರ್ಜಿಗಳಿಗೆ ನೆರವಾಗುವ ಇವರು ಸ್ವತಃ ಅಂಗವಿಕಲರು. ಬ್ರಿಟನ್ನಿನಲ್ಲಿ ಕೇಳಿ ಪಡೆಯಬೇಕಾದ 'ಪಕ್ಕದಲ್ಲಿ ಕೂರುವವರು' ನಮ್ಮಲ್ಲಿ ಊರಿನಲ್ಲೇ ಇದ್ದಾರೆ. ಅವರ ಗೌರವಧನವನ್ನೂ ತರಬೇತಿಯನ್ನೂ ಹೆಚ್ಚಿಸಿ, ಅಂಗವಿಕಲರೇ ಆರೈಕೆದಾರರಾಗಿರುವ ಮನೆಗಳನ್ನು ಗುರುತಿಸುವ ಕೆಲಸವನ್ನು ಅವರಿಗೆ ಒಪ್ಪಿಸಿದರೆ ಬ್ರಿಟನ್ ಎಡವಿದ ಜಾಗದಲ್ಲಿ ನಾವು ಎಡವಬೇಕಾಗಿಲ್ಲ.

ಭತ್ಯೆಯ ಮೊತ್ತ ಏರಬೇಕು. ಒಂದು ಪೌಂಡಿಗೆ ಇಡೀ ವಾರದ ಹಣ ಕಸಿಯುವ ನಿಯಮ ಹೋಗಬೇಕು. ಅದು ಸರ್ಕಾರಗಳ ಕೆಲಸ, ಅದಕ್ಕಾಗಿ ಒತ್ತಾಯಿಸುತ್ತಲೇ ಇರಬೇಕು. ಅಲ್ಲಿಯವರೆಗೆ ನಿಮ್ಮ ಬೀದಿಯಲ್ಲಿ, ನೆಂಟರಲ್ಲಿ, ಸಹೋದ್ಯೋಗಿಗಳಲ್ಲಿ ಇಂಥವರು ಕಂಡರೆ, ಅವರು ಕೆಲಸ ಬಿಡುವ ಮೊದಲೇ ಒಂದು ಸಂಜೆ ಅವರ ಮನೆಗೆ ಹೋಗಿ. ಬಂದಿರುವ ಪತ್ರಗಳನ್ನೆಲ್ಲ ನಿಧಾನವಾಗಿ ಓದಿ ಹೇಳಿ. ಅರ್ಜಿಯನ್ನು ಅವರ ಮಾತಿನಲ್ಲೇ ತುಂಬಿಸಿ, ಸಹಿಯನ್ನು ಅವರಿಂದಲೇ ಹಾಕಿಸಿ.